ವೇಗ ಲೆಕ್ಕ ಹಾಕುವುದು ಹೇಗೆ: ದಿಕ್ಕು, ಚಿಹ್ನೆ, ಏಕಮಾನ ಎಲ್ಲೂ ತಪ್ಪದಂತೆ

ಗೋಡೆ ಗಡಿಯಾರವೊಂದರ ಸೆಕೆಂಡಿನ ಮುಳ್ಳು 15 ಸೆಂ.ಮೀ ಉದ್ದವಿದ್ದು, ನಡುನಡುವೆ ನಿಲ್ಲದೆ ಸರಾಗವಾಗಿ ತಿರುಗುತ್ತಿದೆ ಎಂದುಕೊಳ್ಳಿ. ಒಂದು ಸುತ್ತಿಗೆ ಅದರ ತುದಿ ಸುಮಾರು 94.2 ಸೆಂ.ಮೀ ಸಾಗುತ್ತದೆ, 60 ಸೆಕೆಂಡು ಹಿಡಿಯುತ್ತದೆ. ಭಾಗಿಸಿದರೆ ಸೆಕೆಂಡಿಗೆ 1.57 ಸೆಂ.ಮೀ. ಈಗ ಅದೇ ತುದಿಯ ಸರಾಸರಿ ವೇಗವನ್ನು ಕೇಳಿದರೆ ಉತ್ತರ ಒಂದೇ ಇರುವುದಿಲ್ಲ. 12ರಿಂದ 6ಕ್ಕೆ ಬರುವಷ್ಟರಲ್ಲಿ ತುದಿ ಮೊದಲಿದ್ದ ಜಾಗಕ್ಕಿಂತ ನೇರ 30 ಸೆಂ.ಮೀ ಕೆಳಗಿರುತ್ತದೆ. ಹಿಡಿದದ್ದು 30 ಸೆಕೆಂಡು, ಆದ್ದರಿಂದ ವೇಗ ಸೆಕೆಂಡಿಗೆ 1 ಸೆಂ.ಮೀ, ಕೆಳಮುಖವಾಗಿ. 12ರಿಂದ 3ರವರೆಗೆ ಮಾತ್ರ ನೋಡಿದರೆ ಎರಡು ಜಾಗಗಳ ನಡುವಿನ ನೇರ ಗೆರೆ 21.2 ಸೆಂ.ಮೀ, ಕಾಲ 15 ಸೆಕೆಂಡು, ವೇಗ ಸೆಕೆಂಡಿಗೆ 1.41 ಸೆಂ.ಮೀ, ಬಲಗಡೆ ಓರೆಯಾಗಿ ಕೆಳಕ್ಕೆ. 12ರಿಂದ ಹೊರಟು ಮತ್ತೆ 12ಕ್ಕೆ ಬಂದರೆ ವೇಗ ಸೊನ್ನೆ.

ಮುಳ್ಳು ಒಂದೇ ಹದದಲ್ಲಿ ತಿರುಗಿದರೂ ಉತ್ತರ ಬದಲಾಗುತ್ತಾ ಹೋಯಿತು. ಏಕೆಂದರೆ ಪ್ರತಿ ಸಲವೂ ನಾವು ಕೇಳಿದ್ದು ಬೇರೆ ಪ್ರಶ್ನೆ: ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ? ವೇಗದ ಲೆಕ್ಕದಲ್ಲಿ ಭಾಗಾಕಾರ ಕಷ್ಟವಲ್ಲ. ಭಾಗಿಸುವ ಮೊದಲೇ ಈ ಮೂರನ್ನು ಗಟ್ಟಿ ಮಾಡಿಕೊಳ್ಳದಿರುವುದರಿಂದಲೇ ಬಹುಪಾಲು ಲೆಕ್ಕಗಳು ಕೆಡುತ್ತವೆ.

ಜವ ಬೇರೆ, ವೇಗ ಬೇರೆ

ಆಡುಮಾತಿನಲ್ಲಿ ಗಾಡಿಯೂ ವೇಗವಾಗಿ ಹೋಗುತ್ತದೆ, ಕೆಲಸವೂ ವೇಗವಾಗಿ ಮುಗಿಯುತ್ತದೆ. ಭೌತಶಾಸ್ತ್ರದ ಪಠ್ಯಗಳು ಈ ಪದವನ್ನು ಅಷ್ಟು ಸಡಿಲವಾಗಿ ಬಳಸುವುದಿಲ್ಲ. ಕ್ರಮಿಸಿದ ಒಟ್ಟು ದೂರವನ್ನು ಕಾಲದಿಂದ ಭಾಗಿಸಿದರೆ ಸಿಗುವುದು ಜವ. ಆರಂಭದ ಜಾಗದಿಂದ ಕೊನೆಯ ಜಾಗಕ್ಕೆ ಎಳೆದ ನೇರ ಗೆರೆಯೇ ಸ್ಥಾನಪಲ್ಲಟ. ಅದಕ್ಕೆ ಉದ್ದವೂ ಇದೆ, ದಿಕ್ಕೂ ಇದೆ. ಅದನ್ನು ಕಾಲದಿಂದ ಭಾಗಿಸಿದರೆ ವೇಗ.

ಸರಾಸರಿ ಜವ = ಒಟ್ಟು ದೂರ ÷ ಒಟ್ಟು ಕಾಲ
ಸರಾಸರಿ ವೇಗ = ಸ್ಥಾನಪಲ್ಲಟ ÷ ಒಟ್ಟು ಕಾಲ

ಜವ ಅದಿಶ (ದಿಕ್ಕಿಲ್ಲದ) ಪರಿಮಾಣ, ವೇಗ ಸದಿಶ (ದಿಕ್ಕೂ ಇರುವ) ಪರಿಮಾಣ. ಸ್ಪೀಡೋಮೀಟರ್ ತೋರಿಸುವುದು ಆ ಕ್ಷಣದ ಜವವನ್ನು. ಗಾಡಿ ಯಾವ ಕಡೆ ಮುಖ ಮಾಡಿದೆ ಎಂಬುದು ಅದಕ್ಕೆ ತಿಳಿಯದು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಸರಾಸರಿ ಜವ 10.44 ಮೀ/ಸೆ ಆಗಿತ್ತು. ಓಡಿದ ದಾರಿ ನೇರವಾಗಿದ್ದುದರಿಂದ ಸರಾಸರಿ ವೇಗದ ಪ್ರಮಾಣವೂ ಅಷ್ಟೇ. ಆದರೆ 400 ಮೀಟರ್ ಟ್ರ್ಯಾಕಿನ ಒಳ ಅಂಚಿನ ಲೇನಿನಲ್ಲಿ ಪೂರ್ತಿ ಒಂದು ಸುತ್ತು ಓಡಿ ಹೊರಟ ಗೆರೆಗೇ ಬಂದವರ ಸ್ಥಾನಪಲ್ಲಟ ಸೊನ್ನೆ. ಎಷ್ಟೇ ಜೋರಾಗಿ ಓಡಿದ್ದರೂ ಆ ಸುತ್ತಿನ ಸರಾಸರಿ ವೇಗ ಸೊನ್ನೆಯೇ. ಓಡಿದ್ದಕ್ಕೆ ಬೆಲೆ ಇಲ್ಲವೆಂದು ಇದರ ಅರ್ಥವಲ್ಲ. ವೇಗ ಉತ್ತರಿಸುವ ಪ್ರಶ್ನೆಯೇ ಬೇರೆ.

ಮೊದಲು ಗೆರೆ, ಆಮೇಲೆ ಸೂತ್ರ

ಹಾಳೆಯ ಮೇಲೆ ಒಂದು ಅಡ್ಡಗೆರೆ ಎಳೆಯಿರಿ. ಅದರ ಮೇಲೆ ಒಂದು ಜಾಗವನ್ನು ಸೊನ್ನೆ ಎಂದು ಗುರುತಿಸಿ. ಯಾವ ಕಡೆ ಧನ, ಯಾವ ಕಡೆ ಋಣ ಎಂದು ಬಾಣ ಹಾಕಿ ತೋರಿಸಿ. ಬಲಗಡೆಯೇ ಧನವಾಗಬೇಕೆಂಬ ನಿಯಮವೇನೂ ಇಲ್ಲ. ಆದರೆ ಒಮ್ಮೆ ಆರಿಸಿಕೊಂಡ ಮೇಲೆ ಲೆಕ್ಕ ಮುಗಿಯುವವರೆಗೂ ಅದನ್ನು ಬದಲಿಸಬಾರದು. ಅರ್ಧಕ್ಕೆ ಬದಲಿಸಿದರೆ ಸಂಖ್ಯೆ ಸರಿಬಂದರೂ ಚಿಹ್ನೆ ತಿರುಗುಮುರುಗಾಗುತ್ತದೆ.

ಒಂದು ಆಟಿಕೆ ಕಾರು 8 ಮೀಟರ್ ಗುರುತಿನಿಂದ 20 ಮೀಟರ್ ಗುರುತಿಗೆ 4 ಸೆಕೆಂಡಿನಲ್ಲಿ ಹೋಗಿ, ಕೂಡಲೇ ತಿರುಗಿ 5 ಮೀಟರ್ ಗುರುತಿಗೆ 6 ಸೆಕೆಂಡಿನಲ್ಲಿ ಬಂದಿತು. ಕೊನೆಯ ಸ್ಥಾನದಿಂದ ಮೊದಲ ಸ್ಥಾನವನ್ನು ಕಳೆಯಬೇಕು. ಯಾವಾಗಲೂ ಇದೇ ಕ್ರಮ.

ಮೊದಲ ಭಾಗ: (20 − 8) ÷ 4 = +3 ಮೀ/ಸೆ
ಎರಡನೆಯ ಭಾಗ: (5 − 20) ÷ 6 = −2.5 ಮೀ/ಸೆ
ಪೂರ್ತಿ 10 ಸೆಕೆಂಡಿಗೆ: (5 − 8) ÷ 10 = −0.3 ಮೀ/ಸೆ

ಸರಾಸರಿ ಜವ ಮಾತ್ರ (12 + 15) ÷ 10 = 2.7 ಮೀ/ಸೆ. ಋಣ ಚಿಹ್ನೆ ಬಂದರೆ ಎಲ್ಲೋ ತಪ್ಪಿದೆ ಎಂದು ಅದನ್ನು ಅಳಿಸಿಬಿಡುವವರು ಬಹಳ. ಅಳಿಸಬೇಡಿ. ಕಾರು ಒಟ್ಟಿನಲ್ಲಿ ಹಿಂದಕ್ಕೆ ಸರಿದಿದೆ ಎಂಬ ಮಾಹಿತಿ ಇರುವುದೇ ಆ ಚಿಹ್ನೆಯಲ್ಲಿ. ಕೊನೆಯ ಉತ್ತರ ಬರೆಯುವಾಗ ‘0.3 ಮೀ/ಸೆ, ಋಣ ದಿಕ್ಕಿನಲ್ಲಿ’ ಎಂದಾದರೂ ಬರೆಯಿರಿ.

ಏಕಮಾನ

ಎಸ್‌ಐ ಪದ್ಧತಿಯಲ್ಲಿ ವೇಗದ ಏಕಮಾನ ಮೀಟರ್ ಪ್ರತಿ ಸೆಕೆಂಡ್. ಗಂಟೆಗೆ ಕಿಲೋಮೀಟರ್‌ನಲ್ಲಿ ಕೊಟ್ಟಿದ್ದರೆ 5/18ರಿಂದ ಗುಣಿಸಿ. ಈ 5/18 ಎಲ್ಲಿಂದ ಬಂತು? 1 ಕಿ.ಮೀ ಎಂದರೆ 1000 ಮೀಟರ್, 1 ಗಂಟೆ ಎಂದರೆ 3600 ಸೆಕೆಂಡು. 1000/3600ನ್ನು ಸಂಕ್ಷೇಪಿಸಿದರೆ 5/18. ಹಾಗಾಗಿ 36 ಕಿ.ಮೀ/ಗಂಟೆ ಎಂದರೆ 10 ಮೀ/ಸೆ, 54 ಎಂದರೆ 15, 72 ಎಂದರೆ 20, 90 ಎಂದರೆ 25. ವಾಪಸ್ ಪರಿವರ್ತಿಸಲು 18/5, ಅಂದರೆ 3.6ರಿಂದ ಗುಣಿಸಬೇಕು. ಯಾವುದು ಮೇಲೆ, ಯಾವುದು ಕೆಳಗೆ ಎಂಬ ಗೊಂದಲ ಬಂದರೆ ಇಷ್ಟು ನೆನಪಿಟ್ಟುಕೊಳ್ಳಿ: ಒಂದೇ ವೇಗವನ್ನು ಮೀ/ಸೆನಲ್ಲಿ ಬರೆದಾಗ ಸಂಖ್ಯೆ ಚಿಕ್ಕದಾಗಬೇಕು.

ಕಾಲದ ವಿಷಯದಲ್ಲಿ ಇನ್ನೊಂದು ಹೊಂಡವಿದೆ. 1 ಗಂಟೆ 20 ನಿಮಿಷವನ್ನು 1.20 ಗಂಟೆ ಎಂದು ಕ್ಯಾಲ್ಕುಲೇಟರಿಗೆ ಒತ್ತಿದರೆ ಅದು ಓದಿಕೊಳ್ಳುವುದು 1 ಗಂಟೆ 12 ನಿಮಿಷವನ್ನು. 20 ನಿಮಿಷ ಎಂದರೆ ಗಂಟೆಯ ಮೂರನೇ ಒಂದು ಭಾಗ, ಅಂದರೆ ಬೇಕಾದದ್ದು 1.33. ಮೊದಲೇ ಎಲ್ಲವನ್ನೂ ಸೆಕೆಂಡಿಗೆ ತಂದುಕೊಂಡರೆ ಈ ತೊಂದರೆ ಬರುವುದೇ ಇಲ್ಲ: 80 × 60 = 4800 ಸೆಕೆಂಡು.

ಸರಾಸರಿಯ ಸರಾಸರಿ ತೆಗೆಯಬೇಡಿ

ಹೋಗುವಾಗ 60 ಕಿ.ಮೀ/ಗಂಟೆ, ಅದೇ ದಾರಿಯಲ್ಲಿ ಬರುವಾಗ 40 ಕಿ.ಮೀ/ಗಂಟೆ. ಸರಾಸರಿ ಜವ ಎಷ್ಟು? ಥಟ್ಟನೆ ಬಾಯಿಗೆ ಬರುವ ಉತ್ತರ 50. ದೂರ 120 ಕಿ.ಮೀ ಎಂದಿಟ್ಟು ಪರೀಕ್ಷಿಸಿ: ಹೋಗಲು 2 ಗಂಟೆ, ಬರಲು 3 ಗಂಟೆ, ಒಟ್ಟು 240 ಕಿ.ಮೀಗೆ 5 ಗಂಟೆ. ಉತ್ತರ 48. ನಿಧಾನವಾಗಿ ಚಲಿಸಿದ ಹೊತ್ತು ಹೆಚ್ಚು, ಆದ್ದರಿಂದ ಸರಾಸರಿ ಅದರ ಕಡೆಗೆ ವಾಲುತ್ತದೆ. 120 ಬದಲು ಬೇರೆ ಯಾವ ದೂರ ಇಟ್ಟರೂ 48 ಬದಲಾಗುವುದಿಲ್ಲ, ಮಾಡಿ ನೋಡಿ. ಈ ಇಡೀ ಪ್ರಯಾಣದ ಸರಾಸರಿ ವೇಗವಂತೂ ಸೊನ್ನೆ.

ಎರಡು ಬೆಲೆಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು ಸರಿಯಾಗುವ ಸಂದರ್ಭವೂ ಉಂಟು. ಎರಡೂ ವೇಗಗಳಲ್ಲಿ ಸಮನಾದ ಹೊತ್ತು ಚಲಿಸಿದ್ದರೆ, ಅಥವಾ ವೇಗ ಒಂದೇ ಸಮನಾಗಿ ಏರುತ್ತಲೋ ಇಳಿಯುತ್ತಲೋ ಇದ್ದರೆ, (ಆರಂಭಿಕ ವೇಗ + ಅಂತಿಮ ವೇಗ) ÷ 2 ಸರಿಯಾದ ಸರಾಸರಿ. ಎರಡನೆಯ ಸಂದರ್ಭದ ಈ ನಿಯಮವನ್ನು ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನ ವಿದ್ವಾಂಸರು 14ನೇ ಶತಮಾನದಲ್ಲೇ ಕಂಡುಕೊಂಡಿದ್ದರು, ಗೆಲಿಲಿಯೋಗಿಂತ ಎಷ್ಟೋ ಮೊದಲು.

ದಾರಿ ತಿರುಗಿದರೆ

ಪೂರ್ವಕ್ಕೆ 300 ಮೀಟರ್ ನಡೆದು, ಅಲ್ಲಿಂದ ಉತ್ತರಕ್ಕೆ 400 ಮೀಟರ್ ಹೋಗಲು ಒಟ್ಟು 500 ಸೆಕೆಂಡು ಹಿಡಿಯಿತು. ದೂರ 700 ಮೀಟರ್, ಸರಾಸರಿ ಜವ 1.4 ಮೀ/ಸೆ. ಸ್ಥಾನಪಲ್ಲಟಕ್ಕೆ ಲಂಬಕೋನ ತ್ರಿಭುಜದ ವಿಕರ್ಣ ಬೇಕು: 300ರ ವರ್ಗ ಮತ್ತು 400ರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ 500 ಮೀಟರ್. ವೇಗ 1 ಮೀ/ಸೆ. ಇಲ್ಲಿಗೇ ನಿಲ್ಲಿಸಿದರೆ ಉತ್ತರ ಅರ್ಧ ಮಾತ್ರ. ದಿಕ್ಕಿಗೆ 400/300ರ ವಿಲೋಮ ಟ್ಯಾನ್ (ಕ್ಯಾಲ್ಕುಲೇಟರಿನ tan⁻¹) ತೆಗೆಯಿರಿ: ಪೂರ್ವದಿಂದ ಉತ್ತರದ ಕಡೆಗೆ ಸುಮಾರು 53 ಡಿಗ್ರಿ. ಕ್ಯಾಲ್ಕುಲೇಟರ್ 0.927 ಎಂದು ತೋರಿಸಿದರೆ ಅದು ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಿಸಿಕೊಳ್ಳಿ.

ಒಂದು ಕ್ಷಣದ ವೇಗ

ಸರಾಸರಿಗೆ ಎರಡು ಸ್ಥಾನ, ಎರಡು ಸಮಯ ಬೇಕು. ಹಾಗಿದ್ದರೆ ಸರಿಯಾಗಿ 3ನೇ ಸೆಕೆಂಡಿನಲ್ಲಿ ವೇಗ ಎಷ್ಟು ಎಂದು ಕೇಳಿದರೆ ಏನು ಮಾಡುವುದು? ಒಂದೇ ಕ್ಷಣದಲ್ಲಿ ಸ್ಥಾನಪಲ್ಲಟವೂ ಸೊನ್ನೆ, ಕಾಲವೂ ಸೊನ್ನೆ. ಭಾಗಿಸಲು ಏನೂ ಉಳಿಯುವುದಿಲ್ಲ. ಇದು ಚಲನೆಯ ಅಧ್ಯಾಯದ ಅತಿ ಸುಂದರವಾದ ಜಾಗ, ಅವಸರ ಮಾಡದೆ ನೋಡಬೇಕು.

ವಸ್ತುವೊಂದರ ಸ್ಥಾನ ‘2 × ಕಾಲದ ವರ್ಗ’ ಎಂಬ ನಿಯಮದಂತೆ ಬದಲಾಗುತ್ತಿದೆ ಎನ್ನೋಣ. 3ನೇ ಸೆಕೆಂಡಿನಲ್ಲಿ ಅದು 18 ಮೀಟರ್‌ನಲ್ಲಿ, 4ನೇ ಸೆಕೆಂಡಿನಲ್ಲಿ 32 ಮೀಟರ್‌ನಲ್ಲಿ ಇರುತ್ತದೆ. ಈ ಒಂದು ಸೆಕೆಂಡಿನ ಸರಾಸರಿ 14 ಮೀ/ಸೆ. ಅವಧಿಯನ್ನು ಕಿರಿದು ಮಾಡಿ. 3.1ನೇ ಸೆಕೆಂಡಿನಲ್ಲಿ ಸ್ಥಾನ 19.22 ಮೀಟರ್, 1.22 ÷ 0.1 = 12.2 ಮೀ/ಸೆ. ಇನ್ನೂ ಕಿರಿದು: 3.01ನೇ ಸೆಕೆಂಡಿನಲ್ಲಿ 18.1202 ಮೀಟರ್, 0.1202 ÷ 0.01 = 12.02 ಮೀ/ಸೆ. 14, 12.2, 12.02... ಉತ್ತರ 12ಕ್ಕೆ ಹತ್ತಿರವಾಗುತ್ತಿದೆ. ಆ ಕ್ಷಣದ ವೇಗ ಎಂದರೆ ಈ 12 ಮೀ/ಸೆ. ಕಲನಶಾಸ್ತ್ರ (ಕ್ಯಾಲ್ಕುಲಸ್) ಕಲಿತ ಮೇಲೆ ಇದನ್ನೇ ಒಂದು ಸಾಲಿನಲ್ಲಿ ತೆಗೆಯಬಹುದು, ಆದರೆ ಒಳಗೆ ನಡೆಯುವುದು ಇಷ್ಟೇ.

ಸೂತ್ರವಿಲ್ಲದೆ, ಅಳೆದ ಸ್ಥಾನ ಮತ್ತು ಕಾಲಗಳ ಪಟ್ಟಿ ಮಾತ್ರ ಕೈಯಲ್ಲಿದ್ದರೆ ಬೇಕಾದ ಕ್ಷಣದ ಎರಡೂ ಬದಿಯಿಂದ ಸಮನಾದ ಅಂತರದ ಬಿಂದುಗಳನ್ನು ಹಿಡಿಯಿರಿ. ಮೇಲಿನ ಉದಾಹರಣೆಯಲ್ಲೇ 2ನೇ ಸೆಕೆಂಡಿನಲ್ಲಿ 8 ಮೀಟರ್, 4ನೇ ಸೆಕೆಂಡಿನಲ್ಲಿ 32 ಮೀಟರ್: 24 ÷ 2 = 12. ಒಂದೇ ಬದಿಗೆ ವಾಲಿದ ಅವಧಿಗಿಂತ ಇದು ಸಾಮಾನ್ಯವಾಗಿ ಒಳ್ಳೆಯ ಅಂದಾಜು ಕೊಡುತ್ತದೆ. ವೇಗ ಒಂದೇ ಸಮನಾಗಿ ಬದಲಾಗುತ್ತಿದ್ದರೆ ಹೀಗೆ ಕರಾರುವಾಕ್ಕಾದ ಉತ್ತರವನ್ನೇ ಕೊಡುತ್ತದೆ.

ನಕ್ಷೆಯಿಂದ ಓದುವುದು

ಸ್ಥಾನ–ಕಾಲ ನಕ್ಷೆಯಲ್ಲಿ ಗೆರೆಯ ಇಳಿಜಾರೇ ವೇಗ. ವೇಗ–ಕಾಲ ನಕ್ಷೆಯಲ್ಲಿ ಗೆರೆಯ ಇಳಿಜಾರು ವೇಗೋತ್ಕರ್ಷ (ವೇಗ ಬದಲಾಗುವ ದರ), ಗೆರೆಯ ಕೆಳಗಿನ ವಿಸ್ತೀರ್ಣ ಸ್ಥಾನಪಲ್ಲಟ. ಲೆಕ್ಕಕ್ಕೆ ಮುಂಚೆ ಲಂಬ ಅಕ್ಷದ ಮೇಲೆ ಏನು ಬರೆದಿದೆ ಎಂದು ಓದಿಕೊಳ್ಳಿ. ಅಡ್ಡಡ್ಡಲಾಗಿ ಮಲಗಿದ ಗೆರೆ ಮೊದಲನೆಯ ನಕ್ಷೆಯಲ್ಲಿ ‘ವಸ್ತು ನಿಂತಿದೆ’ ಎಂದು ಹೇಳಿದರೆ, ಎರಡನೆಯದರಲ್ಲಿ ‘ಒಂದೇ ವೇಗದಲ್ಲಿ ಓಡುತ್ತಿದೆ’ ಎಂದು ಹೇಳುತ್ತದೆ.

ಇಳಿಜಾರು ತೆಗೆಯಲು ಗೆರೆಯ ಮೇಲೆ ಆದಷ್ಟು ದೂರದೂರದ ಎರಡು ಬಿಂದುಗಳನ್ನು ಆರಿಸಿ. ಹತ್ತಿರದ ಬಿಂದುಗಳಾದರೆ ಓದುವಾಗಿನ ಅರ್ಧ ಚೌಕದ ತಪ್ಪೂ ಉತ್ತರವನ್ನು ಎತ್ತೆತ್ತಲೋ ಒಯ್ಯುತ್ತದೆ. ಪ್ರಯೋಗದ ಬಿಂದುಗಳು ಗೆರೆಯ ಆಚೀಚೆ ಚದುರಿದ್ದರೆ ಅವನ್ನೇ ಬಳಸಬೇಡಿ, ಅವುಗಳ ನಡುವೆ ಎಳೆದ ಗೆರೆಯ ಮೇಲಿನ ಬಿಂದುಗಳನ್ನು ಬಳಸಿ. ಗೆರೆ ಬಾಗಿದ್ದರೆ ಬೇಕಾದ ಜಾಗದಲ್ಲಿ ಸ್ಪರ್ಶಕ (ಬಾಗಿದ ಗೆರೆಯನ್ನು ಅಲ್ಲಿ ತಾಗಿ ಹೋಗುವ ನೇರ ಗೆರೆ) ಎಳೆದು ಅದರ ಇಳಿಜಾರು ತೆಗೆಯಬೇಕು.

ವೇಗೋತ್ಕರ್ಷ ಇದ್ದಾಗ

ವೇಗೋತ್ಕರ್ಷ ಒಂದೇ ಸಮನಾಗಿದ್ದರೆ ಅಂತಿಮ ವೇಗವನ್ನು ಎರಡು ದಾರಿಯಲ್ಲಿ ಪಡೆಯಬಹುದು.

ಅಂತಿಮ ವೇಗ = ಆರಂಭಿಕ ವೇಗ + (ವೇಗೋತ್ಕರ್ಷ × ಕಾಲ)
ಅಂತಿಮ ವೇಗದ ವರ್ಗ = ಆರಂಭಿಕ ವೇಗದ ವರ್ಗ + (2 × ವೇಗೋತ್ಕರ್ಷ × ಸ್ಥಾನಪಲ್ಲಟ)

ಕಾಲ ಗೊತ್ತಿದ್ದರೆ ಮೊದಲನೆಯದು, ಕಾಲ ಗೊತ್ತಿಲ್ಲದೆ ಸ್ಥಾನಪಲ್ಲಟ ಗೊತ್ತಿದ್ದರೆ ಎರಡನೆಯದು. 20 ಮೀಟರ್ ಎತ್ತರದಿಂದ ಕೈಬಿಟ್ಟ ಕಲ್ಲಿಗೆ ಕಾಲ ಕೊಟ್ಟಿಲ್ಲ, ಆರಂಭಿಕ ವೇಗ ಸೊನ್ನೆ, ಗುರುತ್ವದ ವೇಗೋತ್ಕರ್ಷ 9.8 ಮೀ/ಸೆ²: 2 × 9.8 × 20 = 392, ವರ್ಗಮೂಲ ಸುಮಾರು 19.8 ಮೀ/ಸೆ. ವರ್ಗಮೂಲ ತೆಗೆಯಲು ಮರೆತು 392 ಮೀ/ಸೆ ಎಂದು ಬರೆದರೆ, ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 343 ಮೀ/ಸೆ ಎಂಬುದನ್ನು ನೆನೆದುಕೊಳ್ಳಿ. ಕಲ್ಲು ಶಬ್ದಕ್ಕಿಂತ ಮುಂದೆ ಓಡಿತು ಎಂದರೆ ಲೆಕ್ಕ ತಪ್ಪಿದೆ.

ಬ್ರೇಕಿನ ಲೆಕ್ಕಗಳಲ್ಲಿ ಸೂತ್ರವೇ ದಾರಿ ತಪ್ಪಿಸಬಹುದು. 72 ಕಿ.ಮೀ/ಗಂಟೆ, ಅಂದರೆ 20 ಮೀ/ಸೆ ವೇಗದಲ್ಲಿರುವ ಕಾರಿಗೆ ಬ್ರೇಕ್ ಹಾಕಿದಾಗ ವೇಗೋತ್ಕರ್ಷ −5 ಮೀ/ಸೆ². 6 ಸೆಕೆಂಡಿನ ನಂತರ ವೇಗ ಎಷ್ಟು? 20 − 30 = −10 ಮೀ/ಸೆ. ಬ್ರೇಕ್ ಹಾಕಿದ ಕಾರು ಹಿಂದಕ್ಕೆ ಓಡಲಾರದು! ಅದು 4ನೇ ಸೆಕೆಂಡಿಗೇ, 40 ಮೀಟರ್ ಸಾಗಿ ನಿಂತುಬಿಟ್ಟಿದೆ. ಆಮೇಲೆ ವೇಗೋತ್ಕರ್ಷವೂ −5 ಆಗಿ ಉಳಿದಿಲ್ಲ. 6ನೇ ಸೆಕೆಂಡಿನಲ್ಲಿ ವೇಗ ಸೊನ್ನೆ. ಬ್ರೇಕ್ ಎಂಬ ಪದ ಕಂಡ ಕೂಡಲೇ ವಸ್ತು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಮೊದಲು ಕಂಡುಕೊಳ್ಳಿ.

ಮೇಲಕ್ಕೆ ಎಸೆದ ಚೆಂಡಿನ ವಿಷಯ ಹಾಗಲ್ಲ. ಮೇಲ್ಮುಖವನ್ನು ಧನ ಎಂದಿಟ್ಟು 14.7 ಮೀ/ಸೆ ವೇಗದಲ್ಲಿ ಎಸೆದರೆ 1 ಸೆಕೆಂಡಿಗೆ +4.9, ಒಂದೂವರೆ ಸೆಕೆಂಡಿಗೆ 0, 2 ಸೆಕೆಂಡಿಗೆ −4.9, ಎಸೆದ ಮಟ್ಟಕ್ಕೇ ಮರಳುವ 3ನೇ ಸೆಕೆಂಡಿಗೆ −14.7 ಮೀ/ಸೆ. ಇಲ್ಲಿ ಋಣ ಚಿಹ್ನೆ ನಿಜ, ಏಕೆಂದರೆ ಗುರುತ್ವ ಎಳೆಯುತ್ತಲೇ ಇರುತ್ತದೆ. ತುತ್ತತುದಿಯಲ್ಲಿ ವೇಗ ಸೊನ್ನೆಯಾದರೂ ವೇಗೋತ್ಕರ್ಷ −9.8 ಮೀ/ಸೆ² ಆಗಿಯೇ ಇದೆ. ಅಲ್ಲಿ ಅದೂ ಸೊನ್ನೆಯಾಗಿದ್ದರೆ ಚೆಂಡು ಕೆಳಗೆ ಬರುತ್ತಲೇ ಇರಲಿಲ್ಲ.

ಇಬ್ಬರೂ ಚಲಿಸುತ್ತಿದ್ದರೆ

ಒಂದೇ ಸರಳರೇಖೆಯಲ್ಲಿ ಸಾಪೇಕ್ಷ ವೇಗ ಪಡೆಯಲು ಒಂದರ ವೇಗದಿಂದ ಇನ್ನೊಂದರ ವೇಗವನ್ನು ಚಿಹ್ನೆ ಸಮೇತ ಕಳೆಯಿರಿ. 20 ಮತ್ತು 15 ಮೀ/ಸೆ ವೇಗದ ರೈಲುಗಳು ಎದುರುಬದುರಾಗಿ ಬಂದರೆ 20 − (−15) = 35, ಒಂದೇ ಕಡೆ ಹೋದರೆ 5. ಅವುಗಳ ಉದ್ದ 200 ಮತ್ತು 150 ಮೀಟರ್ ಇದ್ದರೆ ಪೂರ್ತಿ ದಾಟಲು ಎರಡೂ ಉದ್ದ ಸೇರಿಸಿ 350 ಮೀಟರ್ ಸಾಗಬೇಕು: ಮೊದಲನೆಯದಕ್ಕೆ 10 ಸೆಕೆಂಡು, ಎರಡನೆಯದಕ್ಕೆ 70.

ನೀವೇ ಅಳೆದು ನೋಡಿ

ಬೇಕಾದದ್ದು ಒಂದೂಮುಕ್ಕಾಲು ಮೀಟರ್‌ನಷ್ಟು ಉದ್ದದ ನುಣುಪಾದ ಹಲಗೆ, ಒಂದು ಗೋಲಿ, ಟೇಪು, ಮೊಬೈಲ್. ಹಲಗೆಯ ಮೇಲೆ 1.50 ಮೀಟರ್ ಅಂತರದಲ್ಲಿ ಎರಡು ಅಡ್ಡಗೆರೆ ಹಾಕಿ. ಕೆಳಗಿನ ಗೆರೆ ಹಲಗೆಯ ತುದಿಗೆ ಹತ್ತಿರವಿರಲಿ. ಮೇಲಿನ ಗೆರೆ ಕೆಳಗಿನದಕ್ಕಿಂತ 16 ಸೆಂ.ಮೀ ಎತ್ತರದಲ್ಲಿರುವಂತೆ ಒಂದು ತುದಿಗೆ ಪುಸ್ತಕ ಕೊಡಿ. ಗೋಲಿಯ ಮುಂಭಾಗ ಮೇಲಿನ ಗೆರೆಗೆ ತಾಗುವಂತೆ ಸ್ಕೇಲಿನಿಂದ ತಡೆದು ಹಿಡಿದು, ಸ್ಕೇಲನ್ನು ಗೋಲಿ ಉರುಳುವ ಕಡೆಗೇ ಥಟ್ಟನೆ ಸರಿಸಿ. ಬೆರಳಿನಿಂದ ಬಿಟ್ಟರೆ ಗೊತ್ತಿಲ್ಲದೆ ಸಣ್ಣ ನೂಕು ಬಿದ್ದು ಆರಂಭಿಕ ವೇಗ ಸೊನ್ನೆಯಾಗಿ ಉಳಿಯುವುದಿಲ್ಲ. ಗೋಲಿ ಜಾರದೆ ಉರುಳಿದರೆ ಸುಮಾರು 2.0 ಸೆಕೆಂಡಿನಲ್ಲಿ ಕೆಳಗಿನ ಗೆರೆ ಮುಟ್ಟಬೇಕು.

1.50 ÷ 2.0 = 0.75 ಮೀ/ಸೆ. ಇದನ್ನೇ ಕೆಳಗಿನ ಗೆರೆಯಲ್ಲಿನ ವೇಗ ಎಂದು ಬರೆಯುವುದು ಈ ಪ್ರಯೋಗದ ಅತಿ ಸಾಮಾನ್ಯ ತಪ್ಪು. 0.75 ಸರಾಸರಿ. ಗೋಲಿ ಸೊನ್ನೆಯಿಂದ ಹೊರಟು ಒಂದೇ ಸಮನಾಗಿ ವೇಗ ಹೆಚ್ಚಿಸಿಕೊಂಡಿದೆ, ಆದ್ದರಿಂದ ಕೊನೆಯ ವೇಗ ಸರಾಸರಿಯ ಎರಡರಷ್ಟು: 1.5 ಮೀ/ಸೆ. ನಂಬಿಕೆ ಬಾರದಿದ್ದರೆ ಹಲಗೆಯ ತುದಿಯನ್ನು ಸಮತಟ್ಟಾದ ನೆಲಕ್ಕೆ ತಾಗಿಸಿ, ನೆಲದ ಮೇಲೂ 1 ಮೀಟರ್ ಗುರುತು ಹಾಕಿ. ಹಲಗೆ ಮತ್ತು ನೆಲ ಸೇರುವ ಕಡೆ ದಪ್ಪ ಕಾಗದವನ್ನು ಬಾಗಿಸಿ ಅಂಟಿಸಿ, ಇಲ್ಲವಾದರೆ ಗೋಲಿ ಕುಪ್ಪಳಿಸಿ ವೇಗ ಕಳೆದುಕೊಳ್ಳುತ್ತದೆ. ಆ 1 ಮೀಟರನ್ನು ಗೋಲಿ ಸುಮಾರು 0.67 ಸೆಕೆಂಡಿನಲ್ಲಿ ದಾಟುತ್ತದೆ. ಘರ್ಷಣೆಯಿಂದ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬಹುದು, ಕಡಿಮೆ ಬಂದರೆ ಅಳತೆಯನ್ನು ಮತ್ತೆ ನೋಡಿ.

ಇನ್ನೊಂದು ಪರೀಕ್ಷೆ ಗೆಲಿಲಿಯೋ ತೋರಿದ ದಾರಿಯದು. ಮೇಲಿನ ಗೆರೆಯಿಂದ ಕಾಲು ಭಾಗ ಕೆಳಗೆ, 37.5 ಸೆಂ.ಮೀನಲ್ಲಿ, ಮೂರನೆಯ ಗೆರೆ ಹಾಕಿ. ಗೋಲಿ ಅಲ್ಲಿಗೆ ಸರಿಯಾಗಿ ಅರ್ಧ ಹೊತ್ತಿನಲ್ಲಿ, 1.0 ಸೆಕೆಂಡಿನಲ್ಲಿ, ತಲುಪಬೇಕು. ತಲುಪದಿದ್ದರೆ ಹಲಗೆ ನಡುವೆ ಬಾಗಿದೆ ಅಥವಾ ಬಿಡುವಾಗ ನೂಕು ಬಿದ್ದಿದೆ.

ಕಾಲವನ್ನು ಕೈಯಿಂದ ಸ್ಟಾಪ್‌ವಾಚ್ ಒತ್ತಿ ಅಳೆದರೆ ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. 2 ಸೆಕೆಂಡಿನಲ್ಲಿ ಅಷ್ಟು ತಪ್ಪಿದರೆ ಶೇ 10. ನೆಲದ ಮೇಲಿನ 0.67 ಸೆಕೆಂಡಿನಲ್ಲಿ ತಪ್ಪಿದರೆ ಶೇ 30, ಅಳತೆಗೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ವಿಡಿಯೋ ತೆಗೆಯಿರಿ. ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೋದಲ್ಲಿ ಒಂದು ಫ್ರೇಮ್ ಎಂದರೆ 0.033 ಸೆಕೆಂಡು, ನೆಲದ 1 ಮೀಟರಿಗೆ ಸುಮಾರು 20 ಫ್ರೇಮ್ ಎಣಿಕೆಗೆ ಸಿಗಬೇಕು. ಒಂದು ಫ್ರೇಮ್ ತಪ್ಪಿದರೂ ಶೇ 5 ಮಾತ್ರ. ಸ್ಲೋ ಮೋಷನ್‌ನಲ್ಲಿ ತೆಗೆದಿದ್ದರೆ ಪರದೆಯ ಮೇಲೆ ಓಡುವ ಸಮಯವನ್ನು ನೇರವಾಗಿ ಬಳಸಬೇಡಿ: 240 ಫ್ರೇಮ್‌ನಲ್ಲಿ ತೆಗೆದದ್ದು 30ರಲ್ಲಿ ಓಡುತ್ತಿದ್ದರೆ ಕಾಣುವ ಸಮಯ ನಿಜದ 8 ಪಟ್ಟು.

ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ, ಗೋಲಿಯ ದಾರಿಗೆ ಲಂಬವಾಗಿ, ಆದಷ್ಟು ದೂರದಲ್ಲಿ ಇಡಿ. ಹತ್ತಿರದಲ್ಲಿಟ್ಟರೆ ಅಂಚಿನ ಗೆರೆಗಳನ್ನು ಅದು ಓರೆಯಾಗಿ ನೋಡುತ್ತದೆ, ಗೋಲಿ ಗೆರೆಯನ್ನು ನಿಜವಾಗಿ ದಾಟುವುದಕ್ಕಿಂತ ಮೊದಲೋ ನಂತರವೋ ದಾಟಿದಂತೆ ಕಾಣುತ್ತದೆ. ಎರಡೂ ಗೆರೆಗಳಲ್ಲಿ ಗೋಲಿಯ ಅದೇ ಭಾಗವನ್ನು, ಉದಾಹರಣೆಗೆ ಮುಂಭಾಗವನ್ನೇ, ಗಮನಿಸಿ. ಐದು ಸಲ ಪುನರಾವರ್ತಿಸಿ ಕಾಲದ ಸರಾಸರಿ ತೆಗೆಯಿರಿ. ಕ್ಯಾಲ್ಕುಲೇಟರ್ 0.7481296 ಎಂದು ತೋರಿಸಿದರೂ ಕಾಲವನ್ನು ಎರಡೇ ಅಂಕಿಯವರೆಗೆ ಅಳೆದಿದ್ದರೆ 0.75 ಮೀ/ಸೆ ಎಂದೇ ಬರೆಯಿರಿ, ಪಕ್ಕದಲ್ಲಿ ‘ಇಳಿಜಾರಿನ ಗುಂಟ ಕೆಳಮುಖವಾಗಿ’ ಎಂದು ದಿಕ್ಕನ್ನೂ ಸೇರಿಸಿ.